ಅಂಗಿಗುಂಡಿ ಹಿಂದಿನ ಚಂದ್ರ

ನಂಬುವುದಿಲ್ಲವೇ? ಬೇಡ ಬಿಡಿ! ನಮ್ಮ ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ದುಂಡಸಿಯ ಟೇಲರ್. ಊರವರ ಎದೆ, ಸೊಂಟ ಅಳೆದು ಬೇಸತ್ತು ಈಗ ಚಂದ್ರನ ದೂರ ಅಳೆಯುತ್ತಾರೆ. ಶಿಗ್ಗಾಂವದಿಂದ ಸವಣೂರಿನವರೆಗೆ ನನ್ನ ಚೇಷ್ಟೆಗೆ ಬೀಳದವರಿಲ್ಲ. ಅದಕ್ಕೇ ಮೊದಲೇ ಹೇಳುತ್ತೇನೆ, ಇದರಲ್ಲಿ ಒಂದು ಸುಳ್ಳಿದೆ. ತಾಕತ್ತಿದ್ದರೆ ಹುಡುಕಿ!

ಹುಣ್ಣಿಮೆಯ ಸಂಜೆ ಮಾಮಾ ಮಾಳಿಗೆ ಏರಿ, ಮೀಟರ್ ಕಟ್ಟಿಗೆಯ ತುದಿಯನ್ನು ಬಲಗಣ್ಣಿನ ಕೆಳಗೆ ಒತ್ತಿಕೊಳ್ಳುತ್ತಿದ್ದರು. ಕೂಸಿನ ಅಂಗಿಯ ಗುಂಡಿಯೊಂದನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸಿಕ್ಕಿಸಿ ಕಟ್ಟಿಗೆಯ ಮೇಲೆ ಸರಿಸುತ್ತಿದ್ದರು. ಗುಂಡಿ ಚಂದ್ರನನ್ನು ಸರಿಯಾಗಿ ಮುಚ್ಚಿದಲ್ಲಿ ಒಂದು ಗೆರೆ. ಚಂದ್ರ ಹತ್ತಿರ ಬಂದ ತಿಂಗಳು ದೊಡ್ಡದಾಗಿ ಕಾಣುತ್ತಾನೆ, ಗುಂಡಿ ಕಣ್ಣಿನತ್ತ ಬರಬೇಕು. ದೂರ ಹೋದ ತಿಂಗಳು ಆಚೆ ಸರಿಯಬೇಕು.

"ರೀ, ಹೋಳಿಗಿ ಆರಾಕತ್ತಾವ! ಚಂದ್ರ ಎಲ್ಲಿ ಓಡಿ ಹೋಗ್ತಾನ?" ಕೆಳಗಿನಿಂದ ಅಕ್ಕ.

"ಓಡಿ ಹೋಗ್ತಾನಂತನ ಅಳೀತೇನಿ! ಕಾರ ಹುಣ್ಣಿವಿಗಿಂತ ನಾಕು ಬೆರಳು ದೂರ ಹೋಗ್ಯಾನ!"

ಕಳೆದ ವರ್ಷ ಗುಂಡಿ ತಿಂಗಳು ತಿಂಗಳೂ ಕಣ್ಣಿನತ್ತಲೇ ಬರತೊಡಗಿತು. ಆಚೆ ಹೋಗುವ ಮಾತೇ ಇಲ್ಲ!

"ಚಂದ್ರ ಇಳಿಯಾಕತ್ತಾನಲೇ," ಎಂದರು ಮಾಮಾ, ಮುಖ ಸಣ್ಣದು ಮಾಡಿ.

ನನಗೋ ಹಬ್ಬ! ದುಂಡಸಿ ಬಸ್ಸಿನಲ್ಲಿ ಎದ್ದು ನಿಂತು ಸಾರಿದೆ: "ಚಂದ್ರ ನಮ್ಮೂರಿಗೆ ಬರಾಕತ್ತಾನ, ಒಂದು ಸೀಟು ಬಿಡ್ರಿ!"

ಕಂಡಕ್ಟರ್ ಕೇಳಿದ: "ಅವಂಗ ಪೂರಾ ಟಿಕೆಟ್ಟೋ, ಅರ್ಧಾನೋ?"

"ಹುಣ್ಣಿವಿಗೆ ಪೂರಾ, ಅಷ್ಟಮಿಗೆ ಅರ್ಧಾ!"

ಬಸ್ಸಿಗೆ ಬಸ್ಸೇ ನಕ್ಕಿತು. ಶೀಗಿ ಹುಣ್ಣಿಮೆಗೆ ಇನ್ನಷ್ಟು ನಗಿಸೋಣವೆಂದು ಮಾಮಾನ ಕಟ್ಟಿಗೆ ಕಸಿದುಕೊಂಡು ನಾನೇ ಅಳೆದೆ. ನನ್ನ ಗೆರೆ ಅವರದಕ್ಕಿಂತ ಒಂದು ಗೇಣು ಆಚೆ ಬಿತ್ತು.

"ಸುತ್ತ ಬೆಳಕು ಹಬ್ಬೇತಲ್ಲ, ಅದನ್ನೂ ಮುಚ್ಚಬೇಕಲೇ," ಎಂದರು.

"ಯಾವ ಬೆಳಕು, ಮಾಮಾ?"

ಆಕಾಶ ತೊಳೆದಿಟ್ಟಂತಿತ್ತು.

ಬಲಗಣ್ಣೊಳಗೆ ಒತ್ತಡ ಏರಿ ನರ ಸೊರಗಿದೆ, ಮೊದಲೇ ಬರಬೇಕಿತ್ತು ಎಂದರು ಹುಬ್ಬಳ್ಳಿಯ ಡಾಕ್ಟರು. ಇಳಿದದ್ದು ಚಂದ್ರನಲ್ಲ, ಮಾಮಾನ ದೃಷ್ಟಿ. ವರ್ಷವಿಡೀ ಆ ಕಟ್ಟಿಗೆ ಕೂಗಿ ಹೇಳುತ್ತಿತ್ತು. ನಾನು ಅದಕ್ಕೆ ಟಿಕೆಟ್ ಹರಿಸುತ್ತಿದ್ದೆ!

ಈಗ ಮಾಮಾ ಉಳಿದ ಎಡಗಣ್ಣಿಗೆ ಔಷಧಿ ಬಿಟ್ಟುಕೊಂಡು ಅದರಲ್ಲೇ ಅಳೆಯುತ್ತಾರೆ. ಪ್ರತಿ ಹುಣ್ಣಿಮೆಗೆ ನಾನೂ ಹಾಜರು.

"ಮಾಮಾ, ನಿಮ್ಮ ಅಳತಿ ತಪ್ಪು. ತರ್ರಿ ಇಲ್ಲೆ!"

"ಮೊದಲ ನಿನ್ನ ಅಂಗಿ ಗುಂಡಿ ಸರಿ ಹಾಕ್ಕೊಳ್ಳೋದು ಕಲಿಯಲೇ!"

ಅವರದೊಂದು ಗೆರೆ, ಪಕ್ಕದಲ್ಲಿ ನನ್ನದೊಂದು. ಅವರಿಗೆ ಅದು ಪಂದ್ಯ. ಅಕ್ಕ ಈಗ ಹೋಳಿಗೆ ಆರಿದರೂ ಕೂಗುವುದಿಲ್ಲ, ನಾನು ಮೆಟ್ಟಿಲಿಳಿದಾಗ ಮೆಲ್ಲಗೆ ಕೇಳುತ್ತಾಳೆ: "ಗೆರಿ ಕೂಡ್ಯಾವೇನೋ?"

"ಕೂಡ್ಯಾವಕ್ಕಾ!"

ಮೊನ್ನೆಯ ಹುಣ್ಣಿಮೆಗೂ ಎರಡು ಗೆರೆ ಒಂದೇ ಕಡೆ ಬಿದ್ದವು.

ಸುಳ್ಳು ಸಿಕ್ಕಿತೇ? ಅದೇ, ಆ ಕೊನೆಯದು. ಮೊನ್ನೆ ಗೆರೆಗಳು ಕೂಡಲಿಲ್ಲ. ನಡುವೆ ಒಂದು ಬೆರಳು ಉಳಿದಿತ್ತು. ನಾಳೆ ಮೊದಲ ಬಸ್ಸಿಗೆ ಮಾಮಾನನ್ನು ಹುಬ್ಬಳ್ಳಿಗೆ ಕರೆದೊಯ್ಯುತ್ತಿದ್ದೇನೆ. ಗುಂಡಿ ಖರೀದಿಗೆ ಎಂದಿದ್ದೇನೆ, ನಂಬಿದ್ದಾರೆ.