ನ್ಯೂ ಕಾಲೊನಿಗೆ ಬಂದ ಹುಳ

ಹುಮನಾಬಾದಿನಲ್ಲಿ ಎಲ್ಲಕ್ಕಿಂತ ಹಳೆಯ ಕಾಲೊನಿ ಯಾವುದು ಎಂದು ನನ್ನನ್ನು ಕೇಳಿದರೆ "ನ್ಯೂ ಕಾಲೊನಿ" ಎನ್ನುತ್ತೇನೆ. ನಮ್ಮದೇ! ಹೆಸರಿಟ್ಟಾಗ ಅದು ಹೊಸದಾಗಿತ್ತು, ಊರ ಹೊರಗಿತ್ತು. ಆಮೇಲೆ ಊರು ಅದನ್ನು ದಾಟಿಕೊಂಡು ಮುಂದೆ ಹೋಯಿತು, ಹೆಸರು ಬದಲಿಸುವ ಪುರುಸೊತ್ತು ಮಾತ್ರ ಯಾರಿಗೂ ಆಗಲಿಲ್ಲ. ಇಲ್ಲಿಯ ಮನೆಗಳಿಗೆ ಶಹಾಬಾದಿ ಫರಸಿಯ ನೆಲ, ಒಂದೊಂದು ಕಲ್ಲು ಒಂದೊಂದು ಎತ್ತರ. ಮನೆ ಮನೆಯ ನಡುವೆ ಸಂದುಸಂದಿನ ಕಲ್ಲುಗೋಡೆ. ಆ ಸಂದುಗಳಿಂದ ಅಳಿಲು, ಓತಿಕ್ಯಾತ ಮತ್ತು ಸುದ್ದಿ ಆಚೀಚೆ ಓಡಾಡುತ್ತವೆ. ನಾನು ನಮ್ಮ ಪಡಸಾಲೆಯಲ್ಲಿ ಸೀನಿದರೆ ಗೋಡೆಯಾಚೆಯ ಮಹೆಬೂಬ್ ಚಾಚಾ ಶುಂಠಿ ಚಹಾ ಕುಡಿಯಲು ಕೂಗಿ ಹೇಳುತ್ತಾರೆ.

ಇಂಥ ಕಾಲೊನಿಯಲ್ಲಿ ಯಾವುದಕ್ಕೂ ಹೆದರದ ಗಂಡಸು ನಾನೊಬ್ಬನೇ ಎಂದು ಬಹಳ ವರ್ಷಗಳಿಂದ ನಂಬಿಕೊಂಡಿದ್ದೆ. ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷ ಹೊಲಹೊಲ ತಿರುಗಿ ನಿವೃತ್ತನಾದವನು. ಧೈರ್ಯ ಪರೀಕ್ಷೆಗೆ ಒಳಪಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ. ಕಳೆದ ತಿಂಗಳು ಬಂತು!

ಅಂದು ನಮ್ಮ ಬೀಗತಿ ಸುಗಲಾಬಾಯಿಯವರು ರಾಜೇಶ್ವರದಿಂದ ಸಂಜೆ ನಾಲ್ಕಕ್ಕೆ ನಮ್ಮ ಮನೆಗೆ ಬರುವವರಿದ್ದರು. ಮಗಳು ಸುಜಾತಾಳಿಗೆ ಏಳು ತಿಂಗಳು. ಚೊಚ್ಚಲ ಬಾಣಂತನ ತವರುಮನೆಯಲ್ಲೇ ಆಗಬೇಕೆಂಬುದು ಪದ್ಧತಿ. ಆದರೆ ಬೀಗತಿಗೆ ನಮ್ಮ ಹಳೆಯ ಮನೆಯ ಮೇಲೆ ಅನುಮಾನ. "ಮನಿ ಒಮ್ಮಿ ಕಣ್ಣಾರೆ ನೋಡಿ ಆಮ್ಯಾಗ ಹೇಳ್ತೀನಿ, ಇಲ್ಲಂದ್ರ ಇಲ್ಲೇ ಇರಲಿ" ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಆ ಮಾತು ಕೇಳಿದಾಗಿನಿಂದ ನನ್ನ ಹೆಂಡತಿ ಜಗದೇವಿ ಸರಿಯಾಗಿ ಉಂಡಿರಲಿಲ್ಲ. ಎಂಟು ದಿನ ಹಿಡಿದು ಸುಣ್ಣ ಬಳಿದಿದ್ದಳು, ಹಳೆಯ ಸೀರೆ ಹರಿದು ಕೂಸಿಗೆ ಕೌದಿ ಹೊಲಿದಿದ್ದಳು, ಬಚ್ಚಲದ ಫರಸಿಯನ್ನು ಜಾರದಂತೆ ತಿಕ್ಕಿದ್ದಳು.

ಬೆಳಿಗ್ಗೆ ಜಗದೇವಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನನಗೆ ಒಂದೇ ಒಂದು ಆದೇಶ ಕೊಟ್ಟಳು.

"ಏನ್ರಿ, ಇವತ್ತೊಂದಿನ ನೀವು ಏನೂ ಮಾಡಬ್ಯಾಡ್ರಿ. ಸುಮ್ಮ ಕುಂದರ್ರಿ."

ಆ ಆದೇಶವನ್ನು ಪಾಲಿಸುವ ಸಂಪೂರ್ಣ ಮನಸ್ಸಿನಿಂದಲೇ ನಾನು ಗೇಟಿನ ಹತ್ತಿರ ಪೇಪರ್ ಹಿಡಿದು ಕುಳಿತಿದ್ದೆ. ಆಗ ಚಾಚಾನ ಮಾಳಿಗೆ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ರಮ್ಯಾ ಕೆಳಗಿಳಿದು ಬಂದಳು. ಮಂಡ್ಯದ ಹುಡುಗಿ. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನ ಕೆಲಸ. ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ.

"ಅಂಕಲ್, ನಿಮ್ಮ ನಿಂಬೆ ಗಿಡದ ಹತ್ರ ಒಂದು ಹುಳ ಇದೆ, ನೋಡಿದ್ರಾ?"

ನನ್ನ ಕೈಯಿಂದ ಪೇಪರ್ ಜಾರಿತು.

ಇಲ್ಲೊಂದು ವಿಷಯ ಅರಿಕೆ ಮಾಡಿಕೊಳ್ಳಬೇಕು. ನಮ್ಮ ಕಡೆ ಮನೆಯ ಹತ್ತಿರ ಹಾವು ಕಂಡರೆ ಅದರ ಹೆಸರು ಹಿಡಿಯುವುದಿಲ್ಲ. ಹೆಸರು ಹಿಡಿದರೆ ಕರೆದಂತಾಗಿ ಬಂದುಬಿಡುತ್ತದೆ ಎಂಬ ಭಯ. "ಹುಳ" ಎನ್ನುತ್ತೇವೆ. "ಹುಳ ಮುಟ್ಟ್ಯದ" ಎಂದರೆ ಮುಂದೆ ಯಾರೂ ಏನೂ ಕೇಳುವುದಿಲ್ಲ, ಸೀದಾ ದವಾಖಾನೆಗೆ ಓಡುತ್ತೇವೆ. ಮಂಡ್ಯದಿಂದ ಬಂದ ಹುಡುಗಿ ಹದಿನೈದೇ ದಿನದಲ್ಲಿ ನಮ್ಮ ಭಾಷೆ ಕಲಿತಳಲ್ಲ ಎಂದು ಆ ಗಾಬರಿಯಲ್ಲೂ ನನಗೆ ಮೆಚ್ಚುಗೆಯಾಯಿತು!

"ಎ... ಎಷ್ಟು ದೊಡ್ಡದು ಅದವ್ವಾ?"

"ತುಂಬಾ ದೊಡ್ಡದು ಅಂಕಲ್! ಅಷ್ಟು ದೊಡ್ಡದನ್ನ ನಾನು ಯಾವತ್ತೂ ನೋಡಿಲ್ಲ. ಹಸಿರು ಬಣ್ಣ. ತಲೆ ಹತ್ರ ಅಗಲವಾಗಿ ಹೆಡೆ ಥರಾನೇ ಇದೆ. ಕಡ್ಡಿಯಿಂದ ಮುಟ್ಟಿದೆ, ಕೆಂಪಗೆ ನಾಲಿಗೆ ಥರ ಎರಡು ಸೀಳು ಚಾಚ್ತು!"

"ಮುಟ್ಟಿದಿ?!"

"ಹೂಂ. ನಮ್ಮನೇಲಿ ಆದ್ರೆ ಕೈಯಲ್ಲೇ ಹಿಡಿದು ಆಚೆ ಹಾಕ್ತೀನಿ. ಇವತ್ತು ಬ್ಯಾಂಕಿಗೆ ಲೇಟಾಯ್ತು. ಅಂದ್ಹಾಗೆ ನಿನ್ನೆ ಎರಡಿತ್ತು ಅಂಕಲ್, ಇವತ್ತು ಒಂದೇ ಇದೆ. ಇನ್ನೊಂದು ಎಲ್ಲಿ ಹೋಯ್ತೋ ಗೊತ್ತಿಲ್ಲ!"

ಇಷ್ಟು ಹೇಳಿ ಆಕೆ ಸ್ಕೂಟಿ ಹತ್ತಿ ಹೋಗಿಬಿಟ್ಟಳು. ನಾನು ಕುರ್ಚಿಯ ಮೇಲೆ ನಿಂತುಕೊಂಡೆ. ಯಾವಾಗ ಹತ್ತಿದೆನೋ ನನಗೇ ತಿಳಿಯಲಿಲ್ಲ. ಒಂದಲ್ಲ, ಜೋಡಿ! ಒಂದು ನಿಂಬೆ ಗಿಡದಲ್ಲಿ, ಇನ್ನೊಂದು ಎಲ್ಲಿ? ಎಲ್ಲಿ ಬೇಕಾದರೂ ಇರಬಹುದು. ನಮ್ಮ ಮನೆಯಲ್ಲಿ ಸಂದುಗಳಿಗೇನು ಬರವೇ?

ನಗಬೇಡಿ. ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಬಂದವಳು ಸುಜಾತಾ. ಹೊಟ್ಟೆ ಹಿಡಿದುಕೊಂಡು, ಬರಿಗಾಲಲ್ಲಿ, ಅದೇ ಬಚ್ಚಲಕ್ಕೆ ನಡೆದು ಹೋಗುತ್ತಿದ್ದಳು. ಬೀಗತಿಗೆ ಗೊತ್ತಾದರೆ ಮಗಳನ್ನು ಕಳಿಸುವುದಿಲ್ಲ, ಗೊತ್ತಾಗದಿದ್ದರೆ ಮಗಳು ಬಂದು ಆ ಫರಸಿಯ ಮೇಲೆ ಕಾಲಿಡುತ್ತಾಳೆ. ಎರಡಕ್ಕೂ ನನಗೆ ಹೆದರಿಕೆ. ನಾಲ್ಕು ಗಂಟೆಯೊಳಗೆ, ಯಾರಿಗೂ ತಿಳಿಯದ ಹಾಗೆ ಈ ಕೆಲಸ ಮುಗಿಸಬೇಕೆಂದು ಕುರ್ಚಿಯ ಮೇಲಿಂದಲೇ ತೀರ್ಮಾನಿಸಿದೆ.

ಯಾರಿಗೂ ತಿಳಿಯಬಾರದೆಂದು ಗೋಡೆಯ ಸಂದಿಗೆ ಬಾಯಿಟ್ಟು ಚಾಚಾನಿಗೆ ಪಿಸುಗುಟ್ಟಿದೆ. "ಚಾಚಾ, ಹುಳ ಬಂದದ."

"ಯಾ ಅಲ್ಲಾ! ಎಲ್ಲಿ?"

ಚಾಚಾ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರ ಪಿಸುಮಾತು ಮೂರು ಓಣಿಗೆ ಕೇಳಿಸುತ್ತದೆ. ಹತ್ತು ನಿಮಿಷದಲ್ಲಿ ನಮ್ಮ ಅಂಗಳದಲ್ಲಿ ಇಪ್ಪತ್ತು ಜನ, ಇಪ್ಪತ್ತು ಬಡಿಗೆ! ಅಡುಗೆಮನೆಯಿಂದ ಜಗದೇವಿ ಹೊರಗೆ ಬಂದು ಕುರ್ಚಿಯ ಮೇಲೆ ನಿಂತ ನನ್ನನ್ನೂ ಕೆಳಗಿದ್ದ ಜನರನ್ನೂ ನೋಡಿದಳು.

"ಸುಮ್ಮ ಕುಂದರ್ರಿ ಅಂದಿದ್ನಿ. ಏನು ಮಾಡಿದ್ರಿ?"

"ನಾ ಏನೂ ಮಾಡಿಲ್ಲ. ಹುಳ ಬಂದದ. ಜೋಡಿ."

ಆಕೆಯ ಮುಖ ಸುಣ್ಣದಂತಾಯಿತು. "ನನ್ನ ಮಗಳು..." ಎಂದಷ್ಟೇ ಅಂದು ಕೌದಿಯನ್ನು ಎದೆಗವಚಿಕೊಂಡು ಹೊಸ್ತಿಲಲ್ಲೇ ಕುಳಿತಳು. ನಾನು ಕುರ್ಚಿಯಿಂದ ಇಳಿಯಲೇಬೇಕಾಯಿತು. ಇಲಾಖೆಯ ಹಳೆಯ ಗಮ್‌ಬೂಟು ಹಾಕಿದೆ, ಸ್ಕೂಟರಿನ ಹೆಲ್ಮೆಟ್ ಧರಿಸಿದೆ, ಬಡಿಗೆ ಹಿಡಿದೆ. ಶೂರರ ವೇಷ ಸಂಪೂರ್ಣವಾಯಿತು.

ಮೊದಲ ಕ್ರಮ: ಹೊಗೆ. ಹೊಗೆ ಹಾಕಿದರೆ ಒಳಗಿದ್ದದ್ದು ಹೊರಗೆ ಬರುತ್ತದೆ ಎಂದರು ಯಾರೋ. ಬಚ್ಚಲದಲ್ಲಿ ಕೆಂಡದ ಮೇಲೆ ಒಂದು ಮುಷ್ಟಿ ಒಣಮೆಣಸಿನಕಾಯಿ ಹಾಕಬೇಕಿತ್ತು. ಭಯದಲ್ಲಿ ಕೈ ಜಾರಿ ವರ್ಷದ ಖಾರಪುಡಿಗೆಂದು ಇಟ್ಟಿದ್ದ ಇಡೀ ಚೀಲವನ್ನೇ ಸುರಿದೆ. ಹೊಗೆ ಹಾಕಿದರೆ ಒಳಗಿದ್ದದ್ದು ಹೊರಗೆ ಬರುತ್ತದೆಂಬುದು ಪೂರ್ತಿ ಸತ್ಯ. ನಾನು ಬಂದೆ! ನನ್ನ ಹಿಂದೆ ಜಗದೇವಿ, ಎರಡು ಬೆಕ್ಕು, ಆಚೆ ಮನೆಯಿಂದ ಚಾಚಾನ ಇಡೀ ಕುಟುಂಬ. ಬೆಳ್ಳಗೆ ಸುಣ್ಣ ಬಳಿದ ಗೋಡೆ ಕಪ್ಪಗಾಯಿತು. ಹುಳ ಮಾತ್ರ ಬರಲಿಲ್ಲ.

ರಮ್ಯಾಳಿಗೆ ಆರು ಸಲ ಫೋನ್ ಮಾಡಿದೆವು. ಕೌಂಟರಿನಲ್ಲಿ ಕೂತವರು ಫೋನ್ ಎತ್ತುವುದುಂಟೇ? ಕೊನೆಗೆ ಚಾಚಾ ತಮ್ಮ ಪರಿಚಯದ, ಹುಳ ಹಿಡಿಯುವ ಮಾಣಿಕನನ್ನು ಕೊಹಿನೂರು ಹಳ್ಳಿಯಿಂದ ಕರೆಸಿದರು. ಕೊಕ್ಕೆ ಕಟ್ಟಿದ ಕೋಲು ಹಿಡಿದು ಮೋಟಾರ್‌ಸೈಕಲ್ ಮೇಲೆ ಬಂದ ಮಾಣಿಕನನ್ನು ನೋಡಿ ನನಗೆ ಹೋದ ಜೀವ ಬಂದಂತಾಯಿತು.

"ಹ್ಯಾಂಗದ ಹೇಳ್ರಿ. ನಾಗರಾ? ಕೊಳಕಮಂಡಲಾ?" ಎಂದ, ಬಹಳ ಸಲೀಸಾಗಿ.

"ಹಸರು ಬಣ್ಣ. ಹೆಡಿ ಅದ. ನಾಲಿಗಿ ಕೆಂಪ. ಬ್ಯಾಂಕಿನಾಕಿ ಕಡ್ಡಿಲೆ ಮುಟ್ಯಾಳ."

ಮಾಣಿಕ ಕೋಲು ಕೆಳಗಿಳಿಸಿದ. "ಹಸರು ಹೆಡೀನಾ? ಇಪ್ಪತ್ತು ವರ್ಷದಾಗ ಇಂಥಾದ್ದು ನಾ ಕೇಳೇ ಇಲ್ರಿ" ಎಂದವನೇ ತನ್ನ ಮೋಟಾರ್‌ಸೈಕಲನ್ನು ಓಣಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ ನಿಲ್ಲಿಸಿ ಬಂದ. ಹುಳ ಹಿಡಿಯುವವನೇ ಹೆದರಿದ ಮೇಲೆ ನಮ್ಮ ಗತಿ ಏನು! ಜನ ಎರಡೆರಡು ಹೆಜ್ಜೆ ಹಿಂದೆ ಸರಿದರು.

ನಿಂಬೆ ಗಿಡದ ಬುಡವನ್ನು ದೂರದಿಂದಲೇ ಕೊಕ್ಕೆಯಿಂದ ಕೆದಕಿ, ಏನೂ ಸಿಗದೆ, ಮಾಣಿಕ ಗೋಡೆಯತ್ತ ಬೆರಳು ತೋರಿಸಿದ. "ಈ ಗ್ವಾಡ್ಯಾಗ ಹೊಕ್ಕಿರಬೇಕ್ರಿ. ಒಂದೆರಡು ಕಲ್ಲು ತಗೀರಿ."

ಒಂದು ಕಲ್ಲು ತೆಗೆದೆ. ಎರಡನೆಯದು ತೆಗೆದೆ. ಮೂರನೆಯದನ್ನು ಮುಟ್ಟುವಷ್ಟರಲ್ಲಿ ನಲವತ್ತು ವರ್ಷ ನಮ್ಮನ್ನೂ ಚಾಚಾನನ್ನೂ ಬೇರೆ ಬೇರೆ ಇಟ್ಟಿದ್ದ ಗೋಡೆ ಈ ಜವಾಬ್ದಾರಿ ಇನ್ನು ಸಾಕು ಎಂಬಂತೆ ಉದ್ದಕ್ಕೂ ಮಲಗಿಬಿಟ್ಟಿತು! ಧೂಳು ಇಳಿದಾಗ ಆಚೆ ಬದಿಯಲ್ಲಿ ಚಾಚಾನ ಹೆಂಡತಿ, ನಮ್ಮ ಚಾಚಿ, ಒಣಗಲು ಹಾಕಿದ್ದ ಬಟ್ಟೆ ಹಿಡಿದು ನಿಂತಿದ್ದರು. "ಆಯಿಯೇ, ಬರ್ರಿ" ಎಂದರು ಪಾಪ, ಮರ್ಯಾದೆಯಿಂದ.

ಅದೇ ಧೂಳಿನಲ್ಲಿ ಕಲ್ಲುಗಳ ನಡುವೆ ಅದು ನನಗೆ ಕಂಡಿತು. ಕರ್ರಗೆ, ಉದ್ದಕ್ಕೆ, ಮಿರಿಮಿರಿ ಮಿಂಚುತ್ತ! ಜೋಡಿಯ ಇನ್ನೊಂದು! ಮಗಳ ಹೆಸರು ನೆನೆದು, ಕಣ್ಣು ಮುಚ್ಚಿ, ಬಡಿಗೆ ಎತ್ತಿ ಒಂದೇ ಏಟು ಬಿಟ್ಟೆ.

ಅದು ಸುಯ್ಯೆಂದಿತು. ಎದ್ದು ನಿಂತಿತು. ಮುಖಕ್ಕೇ ಉಗುಳಿತು. "ಸತ್ತೆನೋ!" ಎಂದು ಕೂಗಿದೆ. ಕೂಗಿದ ಬಾಯಿಗೂ ಹೊಕ್ಕಿತು. ರುಚಿ ನೋಡಿದರೆ ನಲ್ಲಿ ನೀರು!

ಮೂರು ದಿನಕ್ಕೊಮ್ಮೆ ನೀರು ಬಿಡುವ ನಮ್ಮ ಕಾಲೊನಿಯಲ್ಲಿ ಅಂದೇ ನೀರಿನ ದಿನ. ಒಡೆದ ಕರಿಯ ಪೈಪಿನಿಂದ ಕಾರಂಜಿ ಏಳುತ್ತಿತ್ತು. ಅಂಗಳ ತುಂಬಿ, ನೀರು ಹೊಸ್ತಿಲು ಹತ್ತಿ, ಜಗದೇವಿ ಸಾರಿಸಿ ರಂಗೋಲಿ ಹಾಕಿದ್ದ ಪಡಸಾಲೆಗೆ ನಡೆಯಿತು. ನೀರಿನಲ್ಲಿ ಹುಳ ಈಜುತ್ತದೆಂದು ಯಾರೋ ಕೂಗಿದರು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತೆ.

ಆ ಗಳಿಗೆಯಲ್ಲೇ ಗೇಟಿನ ಮುಂದೆ ಆಟೋ ನಿಂತಿತು. ನಾಲ್ಕಕ್ಕೆ ಬರಬೇಕಾದ ಬೀಗತಿ ಎರಡಕ್ಕೇ ಬಂದಿದ್ದರು!

ಸುಗಲಾಬಾಯಿ ನಿಧಾನವಾಗಿ ಇಳಿದರು. ಬಿದ್ದ ಗೋಡೆ ನೋಡಿದರು. ಬಚ್ಚಲದ ಹೊಗೆ ನೋಡಿದರು. ಇಪ್ಪತ್ತು ಬಡಿಗೆ ನೋಡಿದರು. ಕೊನೆಗೆ ಹೆಲ್ಮೆಟ್, ಗಮ್‌ಬೂಟು, ಮೊಣಕಾಲ ಮೇಲೆ ಕಟ್ಟಿದ ಲುಂಗಿಯಲ್ಲಿ ಕಲ್ಲಿನ ಮೇಲೆ ನೆನೆದು ನಿಂತ ಬೀಗರನ್ನು ನೋಡಿದರು.

"ಏನು ನಡಸೀರಿ ಬೀಗರ? ಏನರೆ ಹಬ್ಬ ಅದೇನು?"

ಜಗದೇವಿಯೇ ಅಳುತ್ತ ಹೇಳಿಬಿಟ್ಟಳು. "ಹುಳ ಬಂದದ್ರಿ ಅಕ್ಕಾ. ನಿಮ್ಮ ಮುಂದ ಮುಚ್ಚಿಡೂದಿಲ್ಲ. ನಮ್ಮ ಮನ್ಯಾಗ ಹುಳ ಅದ. ಸುಜಾತಾನ ಕಳಸಬ್ಯಾಡ್ರಿ."

ಎಂಟು ದಿನ ಸುಣ್ಣ ಬಳಿದ ಕೈಗಳಿಂದ ಆಕೆ ಮುಖ ಮುಚ್ಚಿಕೊಂಡಾಗ ನನಗೆ ಆ ಕಲ್ಲಿನ ಮೇಲೆಯೇ ಸಾಯಬೇಕೆನಿಸಿತು. ಪೈಪು ಇನ್ನೂ ಸುಯ್ಯೆನ್ನುತ್ತಿತ್ತು.

ಅಷ್ಟರಲ್ಲಿ ಊಟಕ್ಕೆಂದು ರಮ್ಯಾ ಸ್ಕೂಟಿಯಲ್ಲಿ ಬಂದಳು. "ಅಯ್ಯೋ! ಏನಾಯ್ತು ಅಂಕಲ್?"

"ನೀ ಹೇಳಿದ ಹುಳಾನ ಹುಡಕಾಕತ್ತೇವಿ" ಎಂದೆ, ಹಲ್ಲು ಕಟಕಟಿಸುತ್ತ.

"ಅದಕ್ಕಾ ಇಷ್ಟೆಲ್ಲಾ? ಅಲ್ಲೇ ಇರತ್ತಲ್ಲ!"

ನೀರಿನಲ್ಲಿ ಛಳಛಳ ನಡೆದು ಹೋದಳು. ಮಾಣಿಕ "ಬ್ಯಾಡವ್ವಾ!" ಎಂದು ಕೂಗಿದ. ರಮ್ಯಾ ನಿಂಬೆ ಗಿಡದ ಒಂದು ಎಲೆಯನ್ನು ಚಿವುಟಿ ತಂದು ಬೀಗತಿಯ ಮುಂದೆ ಹಿಡಿದಳು. ಎಲೆಯ ಮೇಲೆ ಹೆಬ್ಬೆರಳಿನಷ್ಟು ದಪ್ಪದ, ಹಸಿರು ಬಣ್ಣದ ಒಂದು ಕಂಬಳಿಹುಳದಂಥ ಜೀವಿ ನೆಮ್ಮದಿಯಾಗಿ ಎಲೆ ತಿನ್ನುತ್ತಿತ್ತು. ಬೀಗತಿ ಬೆರಳಿನಿಂದ ಮುಟ್ಟಿದರು. ಅದು ಹೆಡೆಯಂಥ ತಲೆ ಎತ್ತಿ ಎರಡು ಕೆಂಪು ಕೊಂಬು ಚಾಚಿ ಮತ್ತೆ ಒಳಗೆಳೆದುಕೊಂಡಿತು.

"ನಿಂಬಿ ಗಿಡದ ಹುಳ" ಎಂದರು ಬೀಗತಿ. "ಆಮ್ಯಾಗ ಪಾತರಗಿತ್ತಿ ಆಗ್ತದ."

ಮಾಣಿಕ ಕೋಲು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಮೋಟಾರ್‌ಸೈಕಲಿನತ್ತ ನಡೆದ. ಬೀಗತಿ ನನ್ನ ಕಡೆ ತಿರುಗಿದರು.

"ಬೀಗರ, ನೀವು ಕೃಷಿ ಇಲಾಖೆದಾಗ ಇದ್ದವರಲ್ರಿ? ಹೋದ ವರ್ಷ ನಮ್ಮ ಮನಿಗಿ ಬಂದಾಗ ತೊಗರಿ ಹುಳದ ಮ್ಯಾಲ ನಮಗ ಎರಡು ತಾಸು ಭಾಷಣಾ ಮಾಡಿದ್ರಿ?"

ಹೌದು! ಮೂವತ್ತು ವರ್ಷ ರೈತರ ಮುಂದೆ ನಾನು ಹೇಳಿದ್ದು ಒಂದೇ ಶಬ್ದ: ಹುಳ, ಹುಳ, ಹುಳ! ಅಷ್ಟು ವರ್ಷ ಸಂಬಳ ಕೊಟ್ಟ ಆ ಶಬ್ದದ ಅರ್ಥ ನನ್ನ ಮನೆಯ ಗೇಟಿನೊಳಗೆ ಬಂದಾಗ ಮರೆತುಹೋಗಿತ್ತು. ಹೆಲ್ಮೆಟಿನ ಗಾಜನ್ನು ಕೆಳಗೆ ಎಳೆದುಕೊಂಡೆ.

ಬೀಗತಿ ಬಿದ್ದ ಗೋಡೆಯ ಕಲ್ಲಿನ ಮೇಲೆ ಕುಳಿತು ಚಾಚಿ ತಂದ ಚಹಾ ಕುಡಿದರು. ಚಾಚಾ ಆಗಲೇ ಪೈಪಿಗೆ ಟ್ಯೂಬು ಸುತ್ತುತ್ತಿದ್ದರು, ಓಣಿಯ ಹೆಂಗಸರು ಪಡಸಾಲೆಯ ನೀರು ಬಳಿಯುತ್ತಿದ್ದರು. ಎಲ್ಲವನ್ನೂ ನೋಡಿ ಬೀಗತಿ ಜಗದೇವಿಯ ಕೈ ಹಿಡಿದರು.

"ಅಳಬ್ಯಾಡ ಜಗದೇವಿ. ಒಂದು ಹುಳ ಅಂದ್ರ ಇಷ್ಟು ಮಂದಿ ಬಡಿಗಿ ಹಿಡಕೊಂಡು ಬಂದಾರ. ಇಂಥಾ ಓಣಿ ಬಿಟ್ಟು ಸೊಸಿನ ಮತ್ತೆಲ್ಲಿ ಇಡ್ಲಿ? ಐತವಾರ ಕಳಸ್ತೀನಿ. ಆದ್ರ ನಂದೊಂದು ಮಾತು ನಡಸಬೇಕು."

"ಹೇಳ್ರಿ ಅಕ್ಕಾ, ಏನಿದ್ರೂ ನಡಸ್ತೀವಿ!"

"ಬಾಣಂತನ ಮುಗಿಯೂತನಾ ಬೀಗರು ಈ ಮನ್ಯಾಗ ಇರಬಾರ್ದು."

ಜಗದೇವಿ ಯೋಚಿಸುತ್ತಾಳೆ ಎಂದುಕೊಂಡೆ. ಒಂದು ಕ್ಷಣವಾದರೂ! "ಆಗ್ಲಿ ತಗೋರಿ" ಎಂದುಬಿಟ್ಟಳು.

ಹೀಗೆ ಮಗಳು ರಾಜೇಶ್ವರದಿಂದ ಹುಮನಾಬಾದಿಗೆ ಬಂದಳು, ನಾನು ಹುಮನಾಬಾದಿನಿಂದ ರಾಜೇಶ್ವರಕ್ಕೆ ಬಂದೆ. ಗೋಡೆಯನ್ನು ಇನ್ನೂ ಕಟ್ಟಿಲ್ಲವಂತೆ. ಚಾಚಿ ಆ ಕಡೆಯಿಂದಲೇ ದಿನಾ ಬಂದು ಸುಜಾತಾಳ ತಲೆ ಬಾಚುತ್ತಾರಂತೆ. ಮನೆ ಬಹಳ ಆರಾಮಾಗಿದೆ ಎಂದು ಜಗದೇವಿ ಫೋನಿನಲ್ಲಿ ಹೇಳುತ್ತಾಳೆ, ಅದನ್ನು ಎರಡೆರಡು ಸಲ ಹೇಳುತ್ತಾಳೆ.

ಇಂದು ಬೆಳಿಗ್ಗೆ ಬೀಗತಿ ಹೊಲಕ್ಕೆ ಹೋಗುವಾಗ ಬಾಗಿಲಿನಿಂದ ಕೂಗಿದರು. "ಬೀಗರ, ಹಿತ್ತಲಕಡಿ ಪಾಯಖಾನಿಗಿ ಹೋಗೂ ಮುಂದ ನೋಡಕೋತ ಹೋಗ್ರಿ. ಹುಳ ಅದ."

ಯಾವ ಹುಳ ಎಂದು ಕೇಳುವ ಮುಖ ನನಗೆಲ್ಲಿದೆ? ಆಗಿನಿಂದ ಕಾಲು ಮೇಲೆತ್ತಿಕೊಂಡು ಮಂಚದ ಮೇಲೆ ಕುಳಿತಿದ್ದೇನೆ. ಮಧ್ಯಾಹ್ನವಾಗುತ್ತ ಬಂತು. ಅವಸರ ಬೇರೆ ಆಗಿದೆ!