ಖಾಲಿ ಊರಿಗೆ ಏಳು ಪೊಟ್ಟಣ

ಮೂವತ್ತರ ದಶಕದ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ: ಚಳಿಜ್ವರಕ್ಕೆ ಹೆದರಿ ಜನ ಬಿಟ್ಟುಹೋದ, ಯಲ್ಲಾಪುರದ ಕಾಡಂಚಿನ ಒಂದು ಊರು. ಹಾಜರಿದ್ದವರು: ನಾನು, ನನ್ನ ಅಕ್ಕನ ಗಂಡ, ಗಾಡಿ ಹೊಡೆಯುವ ಸಾಹೇಬರು. ಭಾವನ ಪ್ರಕಾರ ಇನ್ನೂ ಏಳು ಮನೆಯವರು! ಇಲ್ಲದವರ ಯೋಗಕ್ಷೇಮ ವಿಚಾರಿಸುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಸರ್ಕಾರಿ ಡಾಕ್ಟರು ರಸ್ತೆ ಮುಗಿಯುವಲ್ಲಿ ನಿಲ್ಲುತ್ತಿದ್ದರು. ಅಲ್ಲಿಂದಾಚೆಗೆ ನಮ್ಮ ಸೇವಾ ಸಂಘ. ಮಂಗಳವಾರ ಮಂಗಳವಾರ ಮನೆಗೊಂದು ಕ್ವಿನೈನ್ ಪೊಟ್ಟಣ ಮುಟ್ಟಿಸಬೇಕೆಂದು ನಿಯಮ. ಜನ ಹೋದರೆ ನಿಯಮವೂ ಹೋಗಬೇಕೇ? ಭಾವ ಪ್ರತಿ ಬಾಗಿಲು ತಟ್ಟುವನು, "ಜ್ವರ ಹೆಂಗಿದ್ದು?" ಎನ್ನುವನು, ಉತ್ತರಕ್ಕೆ ಕಾಯುವನು, ಪೊಟ್ಟಣವನ್ನು ಹೊಸ್ತಿಲ ಮೇಲಿಡುವನು.

"ಭಾವ, ಒಳಗೆ ಯಾರೂ ಇಲ್ಲೆ!"

"ಇಲ್ಲೆ ಹೇಳಿ ಅವು ಹೇಳಿದ್ವ?"

ನಗು ಅಲ್ಲಿಗೇ ಮುಗಿಯಿತು. ಮುಂದಿನ ವಾರ ಹೋದರೆ ಏಳೂ ಪೊಟ್ಟಣ ಮಾಯ! ಪ್ರತಿ ಹೊಸ್ತಿಲಲ್ಲೂ ಪೊಟ್ಟಣದ ಕಾಗದ ಮಾತ್ರ ನಾಲ್ಕು ಮಡಿಕೆಯಾಗಿ ಕಲ್ಲಿನಡಿ ಇತ್ತು. ಆಮೇಲಿನ ವಾರಗಳಲ್ಲೂ ಹಾಗೆಯೇ. ಕೋಳಿ ಕೂಗದ, ನಾಯಿ ಬೊಗಳದ, ಒಲೆಯ ಹೊಗೆಯೇ ಇಲ್ಲದ ಊರು. ಹಾಡುಹಗಲೇ ನಾನು ಭಾವನಿಗೆ ಅಂಟಿಕೊಂಡು ನಡೆಯುತ್ತಿದ್ದೆ.

"ಇಲಿ ತಿಂದಿಕ್ಕು," ಎಂದೆ.

"ಕಾಗದ ಮಡಚುವ ಇಲಿಯ? ನಿನ್ನಕ್ಕಂಗೂ ಅಷ್ಟು ಶಿಸ್ತಿಲ್ಲೆ, ಮಾರಾಯ!"

ಸಾಹೇಬರು ಗಾಡಿಯಿಂದ ಇಳಿಯುತ್ತಲೇ ಇರಲಿಲ್ಲ. "ಭಟ್ರೆ, ಜಿನ್ನ್ ಆದ್ರೂ ಇಷ್ಟು ಕಹಿ ನುಂಗೂದಿಲ್ಲ. ಇದು ಬೇರೆ ಏನೋ!"

ಸಂಘದವರು ಕೊನೆಯ ಮಾತು ಹೇಳಿಬಿಟ್ಟಿದ್ದರು: ಬರುವ ಮಂಗಳವಾರ ಒಬ್ಬ ಜೀವಂತ ರೋಗಿಯನ್ನಾದರೂ ತೋರಿಸದಿದ್ದರೆ ಆ ಊರಿಗೆ ಔಷಧ ಬಂದ್.

ಆ ಮಂಗಳವಾರ ಆರು ಬಾಗಿಲು ತಟ್ಟಿದೆವು. ಆರರಲ್ಲೂ ಮಡಿಸಿಟ್ಟ ಕಾಗದ ಮಾತ್ರ. ಏಳನೆಯ ಹೊಸ್ತಿಲ ಮೇಲೆ ಹಿಂದಿನ ವಾರದ ಪೊಟ್ಟಣ ಬಿಚ್ಚದೆ ಬಿದ್ದಿತ್ತು. ನಾನು ನಿಟ್ಟುಸಿರುಬಿಟ್ಟೆ: ದೆವ್ವ ಹೋಯಿತು! ಭಾವ ಮಾತ್ರ ಬಿಳಿಚಿಕೊಂಡ.

"ಅಯ್ಯೋ, ನಿನ್ನೆದು ತಗಂಡಿದ್ದಿಲ್ಲೆ!"

ಆಗ ನನಗೆ ಹೊಳೆಯಿತು. ಏಳು ಮನೆ, ಏಳು ದಿನ. ಯಾರೋ ದಿನಕ್ಕೊಂದು ಹೊಸ್ತಿಲಿನಿಂದ ಔಷಧ ತೆಗೆದುಕೊಂಡು ಬದುಕುತ್ತಿದ್ದರು. ನಿನ್ನೆ ಏಳಲಾಗಿಲ್ಲ!

ಭಾವ ಬಾಗಿಲಿಗೆ ಹೆಗಲು ಕೊಟ್ಟ. ಒಳಗೆ ಕತ್ತಲ ಮೂಲೆಯಲ್ಲಿ ಒಬ್ಬಳು ಹೆಂಗಸು ಗಡಗಡ ನಡುಗುತ್ತಿದ್ದಳು. ಊರು ಬಿಡುವಾಗ ಊರವರು ಜ್ವರದವಳೆಂದು ಅವಳನ್ನು ಜೊತೆಗೆ ಸೇರಿಸದೆ ಓಡಿಸಿದ್ದರು.

"ಇಷ್ಟು ದಿನ ಯಾಕೆ ಓ ಅನ್ಲಿಲ್ಲ, ತಂಗೀ?" ಎಂದು ಭಾವ ಕೇಳಿದ.

"ನೀವೂ ಓಡಿಸ್ತೀರಿ ಅಂತ..."

ಭಾವ ಪೊಟ್ಟಣ ಬಿಚ್ಚಿದ. ಅವಳ ತಲೆಯೆತ್ತಿ ಪುಡಿ ನುಂಗಿಸಿದ, ನೀರು ಕುಡಿಸಿದ. ಸಾಹೇಬರು ತಮ್ಮ ಕಂಬಳಿ ಹಿಡಿದು ಓಡಿಬಂದರು. ಗಾಡಿಯಲ್ಲಿ ದಾರಿಯುದ್ದಕ್ಕೂ ಅವಳ ತಲೆ ಭಾವನ ತೊಡೆಯ ಮೇಲಿತ್ತು. ಕುಲುಕಾಡಿದಾಗಲೆಲ್ಲ ಅಂಗೈ ಅಡ್ಡ ಕೊಡುತ್ತಿದ್ದ.

ಸಂಜೆ ಐದಕ್ಕೆ, ಸಂಘದವರ ಕಣ್ಣೆದುರೇ, ದವಾಖಾನೆಯ ಮಂಚದ ಮೇಲೆ ಅವಳನ್ನು ಮಲಗಿಸಿದೆವು.