ವಾಲ್ವು ಕೆಂಪಾದ ವರ್ಷ

ಧ್ವನಿವರ್ಧಕದ ಯಂತ್ರ ಇಟ್ಟುಕೊಂಡವನ ಗೋಳು ಉಳಿದವರಿಗೆ ನಗೆಯಾಗಿಯೇ ಕೇಳಿಸುತ್ತದೆ. ಸಂಸ್ಥಾನಗಳ ಕೊನೆಗಾಲದಲ್ಲಿ, ಯುದ್ಧ ನಡೆದಿದ್ದಾಗ, ಜಮಖಂಡಿಯಲ್ಲಿ ನನ್ನ ಹತ್ತಿರ ಅಂಥದೊಂದು ಇತ್ತು. ಅದರಲ್ಲಿ ಗಾಜಿನ ದೊಡ್ಡ ವಾಲ್ವು ಎರಡು. ಮೈಕಿನ ಸಣ್ಣ ದನಿಯನ್ನು ಊರಿಗೆಲ್ಲ ಕೇಳಿಸುವುದು ಅವೇ. ಅವು ಕೆಟ್ಟರೆ ನಾನು ಕೆಟ್ಟೆ. ಅವು ಕೆಡುತ್ತಲೇ ಇದ್ದವು.

೧. ಛಲೋ ದೀಪ

ತೇರದಾಳದಲ್ಲಿ ಒಂದು ಜೈನ ಮನೆತನದ ಮದುವೆ. ಸನಾದಿ ಊದುವವರ ಮುಂದೆ ಮೈಕು ಇಟ್ಟಿದ್ದೆ. ಅರ್ಧ ತಾಸಿಗೆಲ್ಲ ಬಲಗಡೆಯ ವಾಲ್ವಿನೊಳಗಿನ ತಗಡು ಕುಲುಮೆಯ ಕುಡುಗೋಲಿನಂತೆ ಕೆಂಪಾಯಿತು. ಹಾಗಾದರೆ ವಾಲ್ವು ಸಾಯುತ್ತಿದೆ ಎಂದೇ ಅರ್ಥ. ಗಾಬರಿಯಾಗಿ ಯಂತ್ರ ಆರಿಸಿದೆ. ಮದುಮಗಳ ಸೋದರಮಾವ ಬಂದರು.

"ಯಾಕ ಆರಿಸಿದ್ರಿ?"

"ವಾಲ್ವು ಕೆಂಪಾಗೇತ್ರಿ."

"ಅದನ್ನ ನೋಡಾಕ ಹೆಣ್ಮಕ್ಕಳು ಸಾಲಾಗಿ ನಿಂತಾರ. ಹಚ್ರಿ."

ಬೀಗರ ಎದುರಿಗೆ ವಾದ ಬೇಡವೆಂದು ಹಚ್ಚಿದೆ. ನನ್ನ ಕಣ್ಣೆದುರೇ ಅದು ಸಾಯತೊಡಗಿತು. ಮಾವನವರು ಬಗ್ಗಿ ಎರಡನ್ನೂ ನೋಡಿ, ಸರಿಯಾಗಿದ್ದ ಎಡಗಡೆಯದನ್ನು ತೋರಿಸಿದರು.

"ಇದೊಂದು ಕೆಟ್ಟೇತಿ ನೋಡ್ರಿ, ಉರಿಯವಲ್ದು. ರಿಪೇರಿ ಮಾಡಿಸ್ರಿ."

೨. ಲಾಳಿ ಬದಲಿಸಿದರೂ

ಸತ್ತ ವಾಲ್ವಿನ ಜಾಗಕ್ಕೆ ನನ್ನಲ್ಲಿದ್ದ ಒಂದೇ ಒಂದು ಹೊಸ ವಾಲ್ವು ಹಾಕಿ ಬನಹಟ್ಟಿಗೆ ಹೋದೆ. ನೇಕಾರರ ಸಭೆ. ಅದೂ ಕೆಂಪಾಗಿ ಸತ್ತಿತು. ತಲೆ ಕೆಟ್ಟು ಎಡಗಡೆಯದನ್ನು ಕಿತ್ತು ಬಲಕ್ಕೆ ಹಾಕಿದೆ. ಅದೂ ಕೆಂಪಾಗತೊಡಗಿದಾಗ ಕೈ ಸುಟ್ಟುಕೊಂಡು ಹೊರಗೆ ತೆಗೆದೆ.

ಮುಂದಿನ ಸಾಲಿನಲ್ಲಿದ್ದ ಮುದುಕ ನೇಕಾರರೊಬ್ಬರು ಎಲೆ ಅಡಿಕೆ ಮೆಲ್ಲುತ್ತ ಇದನ್ನೆಲ್ಲ ನೋಡುತ್ತಿದ್ದರು.

"ತಮ್ಮಾ, ಲಾಳಿ ಬದಲಿ ಮಾಡಿದ್ರೂ ಅದ ಜಾಗಾದಾಗ ಎಳಿ ಹರೀತಂದ್ರ ತಪ್ಪು ಲಾಳಿದಲ್ಲ, ಮಗ್ಗದ್ದು. ಕೂಡೋ ಜಾಗಾ ನೋಡು."

ಬಿಚ್ಚಿ ನೋಡಿದೆ. ಬಲಗಡೆಯ ವಾಲ್ವು ಕೂಡುವ ಜಾಗದ ಕೆಳಗೆ ಒಂದು ಸಣ್ಣ ಕಂಡೆನ್ಸರ್ ಕೆಟ್ಟು, ಹೋಗಬಾರದ ಕರೆಂಟು ವಾಲ್ವಿಗೆ ಹೋಗುತ್ತಿತ್ತು. ಎರಡು ವಾಲ್ವು ಕೊಂದ ಮೇಲೆ ನನಗೆ ತಿಳಿದದ್ದು ಅವರಿಗೆ ಕೂತಲ್ಲೇ ತಿಳಿದಿತ್ತು.

"ನೀ ಇದನ್ನ ಎಲ್ಲಿ ಕಲ್ತಿ?" ಎಂದು ಮುದುಕರು ನನ್ನನ್ನು ಕೇಳಿದರು.

"ಮುಂಬೈದಾಗ್ರಿ. ಒಂದು ವರ್ಷ."

ಮುದುಕರು ಬಾಯೊಳಗಿನ ಎಲೆ ಅಡಿಕೆ ಉಗುಳಿದರು. "ಇನ್ನೊಂದು ವರ್ಷ ಇರಬೇಕಿತ್ತು."

೩. ಕಷಾಯ

ಕಂಡೆನ್ಸರ್ ಬದಲಿಸಿದೆ. ಆದರೆ ವಾಲ್ವು ಉಳಿದದ್ದು ಒಂದೇ. ಒಂದರಲ್ಲಿ ದನಿ ಬರುತ್ತದೆ, ಶೀತವಾದವರ ದನಿ. ಚಿಮ್ಮಡದಲ್ಲಿ ಸಾಲಿ ಮಾಸ್ತರರ ಭಾಷಣಕ್ಕೆ ಹಾಗೆಯೇ ಹಚ್ಚಿದೆ. ಮಾಸ್ತರರು ಬಾಯಿ ತೆರೆದದ್ದೇ ಊರಿಗೆಲ್ಲ ಗೊರಗೊರ ಕೇಳಿಸಿತು. ಹಿರಿಯ ಹೆಣ್ಣುಮಗಳೊಬ್ಬಳು ಮರುಕಪಟ್ಟು ಮೆಣಸಿನ ಕಷಾಯ ತಂದಳು.

"ನನ್ನ ಗಂಟಲಾ ಛಲೋ ಐತ್ರೆವ್ವಾ," ಎಂದರು ಮಾಸ್ತರರು. ಮೈಕಿನ ಮುಂದೆಯೇ ಹೇಳಿದ್ದರಿಂದ ಅದೂ ಗೊರಗೊರ ಎಂದೇ ಕೇಳಿಸಿತು.

ಆಕೆ ಬಿಡಲಿಲ್ಲ. ಮೂರು ಬಟ್ಟಲು ಕುಡಿಸಿದಳು. ಖಾರಕ್ಕೆ ಮಾಸ್ತರರ ಗಂಟಲು ಖರೇನೇ ಹೋಯಿತು. ಆಮೇಲೆ ಯಾರೂ ಯಂತ್ರವನ್ನು ಬೈಯಲಿಲ್ಲ.

೪. ಏನೂ ಇಲ್ಲದ್ದು

ಮರುವಾರ ಮುಧೋಳದಲ್ಲಿ ದೊಡ್ಡ ಸಮಾರಂಭಕ್ಕೆ ಒಪ್ಪಿಕೊಂಡಿದ್ದೆ. ಇದೂ ಕೆಟ್ಟರೆ ಇನ್ನು ಯಾರೂ ಕರೆಯುವುದಿಲ್ಲ ಎಂಬುದು ನನಗೂ ನನ್ನ ಹೆಂಡತಿಗೂ ಗೊತ್ತಿತ್ತು. ಯುದ್ಧದಿಂದಾಗಿ ವಾಲ್ವು ಸಿಗುತ್ತಿರಲಿಲ್ಲ. ಮುಂಬೈಯ ಅಂಗಡಿಯವರು, ಇದು ಕಡೆಯದು, ಮತ್ತೆ ಕೇಳಬೇಡಿ ಎಂದು ಬರೆದು ಒಂದು ವಾಲ್ವನ್ನು ವಿಜಾಪುರಕ್ಕೆ ಕಳಿಸಿದರು. ಹೋಗಿ ತಂದೆ. ಗಲಗಲಿಯಲ್ಲಿ ನಾವೆ ಹತ್ತಿ ಹೊಳೆ ದಾಟುವಾಗ ಕೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದೆ. ಅದಕ್ಕೆ ಏನೂ ಆಗಲಿಲ್ಲ.

ಮುಂದೆ ಸಂಸ್ಥಾನದ ಗಡಿಯಲ್ಲಿ ಸುಂಕದ ನಾಕಾ. ಅಲ್ಲಿಯ ಕಾರಕೂನರು ಗಂಟು ಬಿಚ್ಚಿಸಿದರು.

"ಏನಿದು ಶೀಸೆ? ಒಳಗೇನೈತಿ?"

"ಏನೂ ಇಲ್ರಿ. ಗಾಳಿ ಸುದ್ದಾ ತಗದಿರ್ತಾರ."

"ಗಾಳಿನೂ ಇಲ್ಲದ ಜಾಗಾ ಎಲ್ಲೈತ್ರಿ? ಅತ್ತರ ಇರಬೇಕು."

ನಾನು ಕೈ ಚಾಚುವುದರೊಳಗೆ ಅವರು ರೂಳುಕಟ್ಟಿಗೆಯಿಂದ ಗಾಜಿಗೆ ಟಣ್ ಎಂದು ಬಡಿದು ನೋಡಿದರು. ಕೂದಲೆಳೆಯಷ್ಟು ಬಿರುಕು. ಸುಸ್ ಎಂದು ಗಾಳಿ ಹೊಕ್ಕಿತು. ವಾಲ್ವಿನ ಒಳಮೈಗೆ ಬಳಿದ ಬೆಳ್ಳಿಬಣ್ಣ ನೋಡುನೋಡುತ್ತ ಸುಣ್ಣದಂತೆ ಬೆಳ್ಳಗಾಯಿತು. ಗಾಳಿ ಹೊಕ್ಕರೆ ಅದು ಹಾಗೆಯೇ ಆಗುತ್ತದೆ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

"ಏನೂ ಇಲ್ಲ ಅಂದಿದ್ರಿ," ಎಂದರು ಕಾರಕೂನರು. "ಈ ಬಿಳಿ ಪುಡಿ ಎಲ್ಲಿಂದ ಬಂತು?"

ಇದ್ದಬದ್ದ ತಾಳ್ಮೆ ಕೂಡಿಸಿ ಎಲ್ಲ ಬಿಡಿಸಿ ಹೇಳಿದೆ. ಒಳಗೆ ಏನೂ ಇರಲಿಲ್ಲ, ಆ ಏನೂ ಇಲ್ಲದ್ದರಿಂದಲೇ ಅದು ಕೆಲಸ ಮಾಡುತ್ತಿತ್ತು, ನೀವು ಬಡಿದಿರಿ, ಈಗ ಅದು ಹೋಯಿತು, ಇನ್ನು ಮುಧೋಳದವರಿಗೆ ನಾನು ಮುಖ ತೋರಿಸುವಂತಿಲ್ಲ. ಅವರು ಮನಸ್ಸಿಟ್ಟು ಕೇಳಿದರು. ಮರುಗಿದಂತೆಯೂ ಕಂಡಿತು. ಕಡೆಗೆ ಒಂದು ಕಾಗದ, ಟಾಕು ನನ್ನ ಮುಂದಿಟ್ಟರು.

"ನಮ್ಮ ಸಾಹೇಬ್ರು ಕೇಳ್ತಾರ. ನೀವು ಹೇಳಿದ್ದಷ್ಟೂ ಬರದು ಕೊಡ್ರಿ. ಒಳಗಿದ್ದ ಆ ಏನೂ ಇಲ್ಲದ್ದು ಈಗ ಯಾವ ಕಡೆ ಹೋತು, ಅದನ್ನೂ ಬರೀರಿ."